ಕೆಳಗಡೆ ನವೆ, ಬಿಳಿ ಹೋಗೋದು: ಫಂಗಸ್ ಕ್ರೀಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟದಲ್ಲಿ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ನನಗೆ 11 ವರ್ಷ ಆಯಿತು. ಈ ಕ್ರೀಮ್ ಕೇಳಲು ಬರುವ ಹೆಂಗಸರನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಅಂಗಡಿಯಲ್ಲಿ ಗಂಡಸರು ಯಾರಾದರೂ ಇದ್ದರೆ ರಸ್ತೆ ಕಡೆ ತಿರುಗಿ ನಿಂತುಬಿಡುತ್ತಾರೆ. ಎಲ್ಲರೂ ಹೋದ ಮೇಲೆ ಪರ್ಸಿನಿಂದ ಹಿಂಡಿ ಚಪ್ಪಟೆಯಾದ ಹಳೇ ಟ್ಯೂಬ್ ತೆಗೆದು, ಮಾತಿಲ್ಲದೆ ನನ್ನ ಮುಂದೆ ಇಡುತ್ತಾರೆ. "ಇದೇ ಕೊಡಿ ಮೇಡಂ." ಅಷ್ಟೇ. ಕೇಳಬೇಕು ಅಂದುಕೊಂಡದ್ದು ಹತ್ತಿರುತ್ತದೆ, ಬಾಯಿಗೆ ಒಂದೂ ಬರುವುದಿಲ್ಲ. ಧೈರ್ಯ ಮಾಡಿ ಕೇಳಿದವರ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಎಲ್ಲಿ ಡಾಕ್ಟರ್ ನೋಡಲೇಬೇಕೋ ಅಲ್ಲಿ ಹಾಗೇ ಹೇಳಿದ್ದೇನೆ.

ಇದು ಉಷ್ಣದಿಂದ ಬರುವುದು ಅಲ್ವಾ?

ಅಲ್ಲ. ಇದು ಕ್ಯಾಂಡಿಡಾ ಅನ್ನುವ ಫಂಗಸ್ಸಿನಿಂದ ಬರುವುದು. ಈ ಫಂಗಸ್ ನಮ್ಮ ಬಾಯಿ, ಕರುಳು, ಯೋನಿಯಲ್ಲಿ ಸ್ವಲ್ಪ ಪ್ರಮಾಣದಲ್ಲಿ ಸುಮ್ನೆ ಇರುತ್ತದೆ. ಅಲ್ಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಆ ಹದ ತಪ್ಪಿದಾಗ ಫಂಗಸ್ ಜಾಸ್ತಿ ಬೆಳೆದು ನವೆ, ಉರಿ ಶುರುವಾಗುತ್ತದೆ. ಗಂಟಲು ನೋವಿಗೋ ಹಲ್ಲಿಗೋ ಆಂಟಿಬಯೋಟಿಕ್ ತಗೊಂಡ ಮೇಲೆ, ಬಸುರಿಯಾದಾಗ, ಶುಗರ್ ಏರಿದಾಗ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಇದು ಹೆಚ್ಚು. ನಾಲ್ಕು ಜನ ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಂದು ಸಲವಾದರೂ ಬರುವ ತೊಂದರೆ ಇದು. ನಡತೆಗೂ ಇದಕ್ಕೂ ಸಂಬಂಧ ಇಲ್ಲ. ಕೊಳಕಾಗಿದ್ದರೆ ಬರುವುದು ಅನ್ನುವುದೂ ತಪ್ಪು. ಜಾಸ್ತಿ ತೊಳೆಯುವವರಿಗೇ ಎಷ್ಟೋ ಸಲ ಬರುತ್ತದೆ.

ನಮ್ಮೂರಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇಡೀ ದಿನ ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಉಗುರಿನ ಬುಡ ಕೆಂಪಗೆ ಊದಿಕೊಳ್ಳುತ್ತದಲ್ಲ, ಎಷ್ಟೋ ಸಲ ಅದಕ್ಕೂ ಇದೇ ಜಾತಿಯ ಫಂಗಸ್ ಸೇರಿಕೊಂಡಿರುತ್ತದೆ. ಬೆಚ್ಚಗೆ, ಒದ್ದೆಯಾಗಿ ಇರುವ ಜಾಗ ಅದಕ್ಕೆ ಇಷ್ಟ.

"ಬಿಳಿ ಹೋದರೆ ಮೂಳೆ ಕರಗಿ ಹೋಗುತ್ತದೆ" ಅಂತ ಅತ್ತೆ ಹೇಳಿದರು ಎಂದು ಕಣ್ಣೀರು ಹಾಕಿದವರನ್ನೂ ನೋಡಿದ್ದೇನೆ. ಮೂಳೆ ಕರಗುವುದಿಲ್ಲ, ತಾಯಂದಿರೇ. ಆ ಬಿಳುಪಿಗೂ ಮೂಳೆಗೂ ಯಾವ ಸಂಬಂಧವೂ ಇಲ್ಲ.

ಬಿಳಿ ಹೋದರೆಲ್ಲಾ ಫಂಗಸ್ಸೇನಾ?

ಖಂಡಿತ ಅಲ್ಲ. ತಿಂಗಳ ನಡುವೆ ಮೊಟ್ಟೆಯ ಬಿಳಿಯ ಹಾಗೆ ತೆಳ್ಳಗೆ, ಎಳೆ ಎಳೆಯಾಗಿ ಹೋಗುವುದು ಸಹಜ. ಅದಕ್ಕೆ ಔಷಧಿಯೇ ಬೇಡ.

ಫಂಗಸ್ ಆದರೆ ಮುಖ್ಯ ಗುರುತು ನವೆ. ರಾತ್ರಿ ನಿದ್ದೆ ಕೆಡಿಸುವ ನವೆ. ಒಡೆದ ಮೊಸರಿನ ಹಾಗೆ ಗಟ್ಟಿ ಬಿಳುಪು ಹೋಗುತ್ತದೆ, ಕೆಟ್ಟ ವಾಸನೆ ಇರುವುದಿಲ್ಲ. ಯೋನಿಯ ಹೊರಗಿನ ತುಟಿಗಳು ಕೆಂಪಾಗಿ ಊದುತ್ತವೆ. ಮೂತ್ರ ತಾಕಿದ ಕಡೆ ಚುರ್ ಅನ್ನುತ್ತದೆ. ಮೂತ್ರಕ್ಕೆ ಪದೇ ಪದೇ ಓಡುವಂತಾಗಿ, ಉರಿ ಒಳಗಿನಿಂದಲೇ ಬರುತ್ತಿದ್ದರೆ ಅದು ಮೂತ್ರದ ಸೋಂಕು ಇರಬಹುದು. ಅದಕ್ಕೆ ಈ ಕ್ರೀಮ್ ಏನೂ ಮಾಡದು.

ಬೂದು ಬಣ್ಣದ ನೀರುನೀರಾದ ಸ್ರಾವ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾದ ತೊಂದರೆ. ಹಳದಿ ಅಥವಾ ಹಸಿರು, ನೊರೆನೊರೆ, ನಾತ ಇದ್ದರೆ ಟ್ರೈಕೊಮೊನಾಸ್ ಇರಬಹುದು. ಅದು ಗಂಡ ಹೆಂಡತಿಯ ನಡುವೆ ಹರಡುವಂಥದ್ದು, ಇಬ್ಬರಿಗೂ ಮಾತ್ರೆ ಬೇಕು. ಇವೆರಡಕ್ಕೂ ಫಂಗಸ್ ಕ್ರೀಮ್ ಹಚ್ಚುತ್ತಾ ಕೂತರೆ ದಿನ ಕಳೆಯುತ್ತದೆ, ರೋಗ ಹೋಗುವುದಿಲ್ಲ.

ಡಾಕ್ಟರ್ ಹತ್ತಿರ ಹೋಗದೆ ನಾನೇ ಕ್ರೀಮ್ ತಗೊಂಡರೆ ಆಗಲ್ವಾ?

ಮೊದಲನೇ ಸಲ ಬಂದಿದ್ದರೆ ಬೇಡ. ಒಂದು ಸಲ ಡಾಕ್ಟರ್ ನೋಡಿ "ಇದು ಫಂಗಸ್" ಅಂತ ಹೇಳಿರಬೇಕು. ಅದೇ ನವೆ, ಅದೇ ಬಿಳುಪು ಮುಂದೆ ಮತ್ತೆ ಬಂದಾಗ ನಿಮಗೇ ಗುರುತು ಸಿಗುತ್ತದೆ.

16 ವರ್ಷದ ಒಳಗಿನವರು, 60 ದಾಟಿದವರು, ಬಸುರಿಯರು, ಶುಗರ್ ಇರುವವರು, ರೋಗ ತಡೆಯುವ ಶಕ್ತಿ ಕುಗ್ಗಿದವರು ತೋರಿಸಿಯೇ ಔಷಧಿ ತಗೊಳ್ಳಬೇಕು. ಕಿಬ್ಬೊಟ್ಟೆ ನೋವು, ಜ್ವರ, ಮುಟ್ಟಲ್ಲದೆ ರಕ್ತ, ಹುಣ್ಣು, ನೀರುಗುಳ್ಳೆ, ಕೆಟ್ಟ ವಾಸನೆ, ಇವುಗಳಲ್ಲಿ ಒಂದಿದ್ದರೂ ಕ್ರೀಮ್ ಕೇಳಬೇಡಿ, ಆಸ್ಪತ್ರೆಗೆ ನಡೆಯಿರಿ. ಎರಡು ತಿಂಗಳೊಳಗೆ ಮತ್ತೆ ಬಂದರೂ ಅಷ್ಟೇ.

ಅಂಗಡಿಯಲ್ಲಿ ಹತ್ತು ಥರ ಟ್ಯೂಬ್ ಇದೆ. ಯಾವುದು ಸರಿ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ನಾನೇ ಏಟು ತಿಂದ ಜಾಗ ಇದು.

ಫಾರ್ಮಸಿ ಓದುತ್ತಿದ್ದಾಗ ಟಾನ್ಸಿಲ್‌ಗೆ ಆಂಟಿಬಯೋಟಿಕ್ ತಗೊಂಡೆ. ವಾರದಲ್ಲಿ ನವೆ ಶುರು. ಹಾಸ್ಟೆಲ್ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ತಲೆ ತಗ್ಗಿಸಿ "ತುರಿಕೆಗೆ ಕ್ರೀಮ್" ಅಂದೆ. ಎಲ್ಲಿ ತುರಿಕೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹಚ್ಚಿದ ಮೊದಲ ರಾತ್ರಿಯೇ ನವೆ ಮಾಯ. ಎಂಥ ಒಳ್ಳೆಯ ಔಷಧಿ ಅಂದುಕೊಂಡೆ. ಬಿಟ್ಟ ನಾಲ್ಕನೇ ದಿನಕ್ಕೆ ಎರಡರಷ್ಟು ಬಂತು. ಮತ್ತೆ ಹಚ್ಚಿದೆ. ಹೀಗೆ ಮೂರು ತಿಂಗಳು. ತೊಡೆಯ ಸಂದಿಯಲ್ಲಿ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆ ಮೇಲಿರುವಂಥ ಗೀರುಗಳು ಬಂದವು. ಅವು ಇವತ್ತಿಗೂ ಇವೆ. ಒಂದು ದಿನ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಫಂಗಸ್ ಔಷಧಿಯ ಜೊತೆ ಕ್ಲೊಬೆಟಸಾಲ್ ಇತ್ತು. ಬಲವಾದ ಸ್ಟೀರಾಯ್ಡ್.

ಸ್ಟೀರಾಯ್ಡ್ ನವೆಯನ್ನು ಅಡಗಿಸುತ್ತದೆ, ಫಂಗಸ್ಸನ್ನು ಸಾಯಿಸುವುದಿಲ್ಲ. ಚರ್ಮದ ಕಾವಲನ್ನೇ ಅದು ಮಲಗಿಸುವುದರಿಂದ ಫಂಗಸ್ ಒಳಗೊಳಗೇ ಹಬ್ಬುತ್ತದೆ. ಆದ್ದರಿಂದ ದುಡ್ಡು ಕೊಡುವ ಮೊದಲು ಟ್ಯೂಬ್ ತಿರುಗಿಸಿ. ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಅಂತ ಒಂದೇ ಔಷಧಿಯ ಹೆಸರು ಇರಬೇಕು. ಬೆಕ್ಲೊಮೆಥಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್ ಎಂದು ಜೊತೆಗೆ ಇನ್ನೊಂದು ಹೆಸರಿದ್ದರೆ ಅದು ಸ್ಟೀರಾಯ್ಡ್ ಬೆರೆತದ್ದು. ಡಾಕ್ಟರ್ ನೋಡಿ ಬರೆದುಕೊಟ್ಟ ಹೊರತು ಮುಟ್ಟಬೇಡಿ. ಓದಲು ಬರದಿದ್ದರೆ "ಇದರಲ್ಲಿ ಸ್ಟೀರಾಯ್ಡ್ ಇದೆಯಾ?" ಅಂತ ಬಾಯಿಬಿಟ್ಟು ಕೇಳಿ. ಉತ್ತರ ಕೊಡುವುದು ನಮ್ಮ ಕೆಲಸ.

ಇನ್ನೊಂದು ವಿಷಯ. ಹೊರಗೆ ಹಚ್ಚುವ ಕ್ರೀಮ್ ಬೇರೆ, ಯೋನಿಯ ಒಳಗೆ ಹಾಕುವುದು ಬೇರೆ. ಕಾಲಿನ ಹುಳುಕಡ್ಡಿಗೆ ತಂದ ಟ್ಯೂಬನ್ನು ಒಳಗೆ ಹಾಕಬೇಡಿ. ಹೊರಗೆ ಮಾತ್ರ ಹಚ್ಚಿದರೆ ನವೆ ಸ್ವಲ್ಪ ತಗ್ಗಬಹುದು, ಆದರೆ ಫಂಗಸ್ ಇರುವುದು ಒಳಗೆ. ಸಾಮಾನ್ಯವಾಗಿ ಒಳಗಿನದೇ ಮುಖ್ಯ ಔಷಧಿ, ಹೊರಗಿನದು ಅದರ ಜೊತೆಗೆ.

ಒಳಗೆ ಹಾಕುವುದು ಹೇಗೆ? ಹೆದರಿಕೆ ಆಗುತ್ತದೆ.

ಹೆದರಬೇಡಿ. ಒಂದು ಸಲ ಮಾಡಿದರೆ ಅಭ್ಯಾಸ ಆಗುತ್ತದೆ.

ರಾತ್ರಿ ಮಲಗುವ ಹೊತ್ತಿಗೆ ಹಾಕಿಕೊಳ್ಳಿ. ಎದ್ದು ಓಡಾಡಿದರೆ ಔಷಧಿ ಜಾರಿ ಹೊರಗೆ ಬರುತ್ತದೆ, ಮಲಗಿದ್ದರೆ ಒಳಗೇ ನಿಂತು ಕೆಲಸ ಮಾಡುತ್ತದೆ. ಮೂತ್ರಕ್ಕೆ ಹೋಗಿ ಬಂದು, ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಕ್ರೀಮ್ ಜೊತೆ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೊಳವೆ ಬರುತ್ತದೆ, ಅದಕ್ಕೆ ಅಪ್ಲಿಕೇಟರ್ ಅನ್ನುತ್ತಾರೆ. ಟ್ಯೂಬಿನ ಬಾಯಿಗೆ ಅದನ್ನು ಸಿಕ್ಕಿಸಿ, ಗುರುತು ಮಾಡಿರುವ ಗೀಟಿನವರೆಗೆ ಕ್ರೀಮ್ ತುಂಬಿಸಿ. ಅಂಗಾತ ಮಲಗಿ, ಮಂಡಿ ಮಡಚಿ, ಕಾಲು ಸ್ವಲ್ಪ ಅಗಲಿಸಿ. ಮೈ ಸಡಿಲ ಬಿಡಿ, ಬಾಯಿಂದ ಉಸಿರು ಬಿಡುತ್ತಾ ಕೊಳವೆಯನ್ನು ಬೆನ್ನಿನ ಕಡೆಗೆ ವಾಲಿಸಿ ನಿಧಾನವಾಗಿ ಒಳಗೆ ಬಿಡಿ. ನೋವಿಲ್ಲದೆ ಎಷ್ಟು ಹೋಗುತ್ತದೋ ಅಷ್ಟು. ಹಿಂದಿನ ಕಡ್ಡಿಯನ್ನು ಪೂರ್ತಿ ಒತ್ತಿ, ಕೊಳವೆ ಹೊರಗೆ ತೆಗೆಯಿರಿ. ಮತ್ತೆ ಕೈ ತೊಳೆಯಿರಿ. ಕೊಳವೆಯನ್ನು ಬಿಚ್ಚಿ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಕ್ಕತಂಗಿಯರು ಕೂಡ ಒಂದೇ ಕೊಳವೆ ಹಂಚಿಕೊಳ್ಳಬಾರದು.

ಕ್ರೀಮ್ ಬದಲು ಯೋನಿಯ ಒಳಗೆ ಇಡುವ ಮಾತ್ರೆಯಾದರೆ ಚೂಪಾದ ತುದಿ ಮುಂದೆ ಮಾಡಿ, ಬೆರಳಿನಿಂದ ಅಥವಾ ಕೊಳವೆಯಿಂದ ಆದಷ್ಟು ಒಳಗೆ ಇಡಿ. ಬಾಗಿಲಲ್ಲೇ ನಿಂತರೆ ಕರಗುವುದಿಲ್ಲ.

ಇದನ್ನು ಬಾಯಿಗೆ ಹಾಕಿ ನುಂಗಿದವರು ಇದ್ದಾರೆ. ಮಾತ್ರೆ ಅಂದರೆ ನುಂಗುವುದೇ ತಾನೇ, ತಪ್ಪು ಅವರದಲ್ಲ, ಹೇಳದೆ ಕೊಟ್ಟವರದು. ಹಾಗಾದರೆ ಗಾಬರಿ ಬೀಳಬೇಡಿ, ಸ್ಟ್ರಿಪ್ ತಗೊಂಡು ಡಾಕ್ಟರಿಗೆ ತೋರಿಸಿ.

ಎಷ್ಟು ದಿನ ಹಾಕಬೇಕು?

ಔಷಧಿಯ ಬಲದ ಮೇಲೆ ಹೋಗುತ್ತದೆ. ಕ್ಲೋಟ್ರಿಮಜೋಲ್ ಒಳ ಮಾತ್ರೆ 500 ಮಿ.ಗ್ರಾಂ ಆದರೆ ಒಂದೇ ರಾತ್ರಿ, 200 ಆದರೆ ಮೂರು ರಾತ್ರಿ, 100 ಆದರೆ ಆರು ಅಥವಾ ಏಳು ರಾತ್ರಿ. ಒಳಗೆ ಹಾಕುವ ಕ್ರೀಮ್ ಶೇ. 2ರದ್ದಾದರೆ ಸಾಮಾನ್ಯವಾಗಿ ಮೂರು ರಾತ್ರಿ, ಶೇ. 1ರದ್ದಾದರೆ ಏಳು. ನಿಮ್ಮ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯೇ ಸರಿ. ಹೊರಗಿನ ಕ್ರೀಮನ್ನು ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ಹಚ್ಚಿದರೆ ಸಾಕು. ದಪ್ಪ ಬಳಿದರೆ ಬೇಗ ವಾಸಿ ಆಗುವುದಿಲ್ಲ.

ಎರಡೇ ದಿನಕ್ಕೆ ನವೆ ನಿಂತಿತು. ಬಿಟ್ಟುಬಿಡಲಾ?

ಬಿಡಬೇಡಿ. ನವೆ ಮೊದಲು ಹೋಗುತ್ತದೆ, ಫಂಗಸ್ ಆಮೇಲೆ. ಹೇಳಿದಷ್ಟು ದಿನ ಪೂರ್ತಿ ಮುಗಿಸಿದವರಲ್ಲಿ 100ಕ್ಕೆ 80ರಿಂದ 90 ಜನಕ್ಕೆ ವಾಸಿಯಾಗುತ್ತದೆ. ಪೂರ್ತಿ ಮುಗಿಸಿಯೂ ಏಳು ದಿನದಲ್ಲಿ ಏನೂ ಇಳಿಯದಿದ್ದರೆ ಇನ್ನೊಂದು ಟ್ಯೂಬ್ ಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ.

ಹಾಕಿದ ಕೂಡಲೇ ಉರಿ ಬಂತು. ಬೆಳಿಗ್ಗೆ ಬಿಳಿ ಚೂರು ಬಿತ್ತು. ಸರೀನಾ?

ಮೊದಲ ಒಂದೆರಡು ಸಲ ಸ್ವಲ್ಪ ಉರಿ ಬರಬಹುದು. ಆಗಲೇ ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಬೀಳುವ ಸುಣ್ಣದಂಥ ಚೂರು ಮಾತ್ರೆಯ ಉಳಿಕೆ, ರೋಗ ಅಲ್ಲ. ರಾತ್ರಿ ತೆಳು ಪ್ಯಾಡ್ ಇಟ್ಟುಕೊಂಡರೆ ಬಟ್ಟೆ ಹಾಳಾಗುವುದಿಲ್ಲ. ಮಾತ್ರೆ ಕರಗದೆ ಇಡಿಯಾಗಿ ಬಂದರೆ ಒಳಗೆ ತೇವ ಸಾಲದು ಅಂತ ಅರ್ಥ. ಮುಟ್ಟು ನಿಂತವರಲ್ಲಿ ಹೀಗಾಗುತ್ತದೆ, ಅವರಿಗೆ ಕ್ರೀಮ್ ವಾಸಿ.

ಉರಿ ತಡೆಯಲಾಗದಷ್ಟು ಏರಿದರೆ, ಊತ ಅಥವಾ ದದ್ದು ಬಂದರೆ ಹೊರಗಿನದನ್ನು ತೊಳೆದು, ಔಷಧಿ ನಿಲ್ಲಿಸಿ, ತೋರಿಸಿ. ಮುಖ ಊದಿ ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ.

ಮುಟ್ಟಾದರೆ?

ರಕ್ತದ ಜೊತೆ ಔಷಧಿ ಕೊಚ್ಚಿ ಹೋಗುತ್ತದೆ. ಆದ್ದರಿಂದ ಮುಟ್ಟಿನ ಮೊದಲೇ ಮುಗಿಯುವಂತೆ ಶುರು ಮಾಡಿ, ಇಲ್ಲವೇ ನಿಂತ ಮೇಲೆ ಶುರು ಮಾಡಿ. ಹೊರಗೆ ಹಚ್ಚಬಹುದು. ಔಷಧಿ ಹಾಕುವ ದಿನಗಳಲ್ಲಿ ಟ್ಯಾಂಪೂನ್, ಮುಟ್ಟಿನ ಕಪ್ ಬೇಡ, ಪ್ಯಾಡ್ ಸಾಕು.

ಗಂಡನ ಜೊತೆ ಸೇರಬಹುದಾ? ಅವರಿಗೂ ಔಷಧಿ ಬೇಕಾ?

ಔಷಧಿ ಮುಗಿಯುವವರೆಗೆ ಬೇಡ. ನೋವಾಗುತ್ತದೆ, ಔಷಧಿಯೂ ಹೋಗುತ್ತದೆ. ಇದರ ಜೊತೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು: ಈ ಕ್ರೀಮು, ಮಾತ್ರೆಗಳು ನಿರೋಧ್‌ನಂಥ ರಬ್ಬರ್ ಕಾಂಡೋಮನ್ನು ದುರ್ಬಲ ಮಾಡುತ್ತವೆ. ಔಷಧಿ ನಿಲ್ಲಿಸಿದ ಮೇಲೂ ಐದು ದಿನ ಕಾಂಡೋಮ್ ನಂಬಬೇಡಿ.

ಗಂಡನಿಗೆ ಏನೂ ತೊಂದರೆ ಇಲ್ಲದಿದ್ದರೆ ಔಷಧಿ ಬೇಡ. ಅವರಿಗೂ ನವೆ, ಕೆಂಪು ಇದ್ದರೆ ಅವರೂ ಡಾಕ್ಟರಿಗೆ ತೋರಿಸಲಿ. ಇದು ಲೈಂಗಿಕ ರೋಗಗಳ ಗುಂಪಿಗೆ ಸೇರಿದ್ದಲ್ಲ. ಇದು ಬಂತು ಅಂದ ಮಾತ್ರಕ್ಕೆ ಮನೆಯಲ್ಲಿ ಅನುಮಾನದ ಜಗಳ ಬೇಡ.

ಬಸುರಿ ನಾನು. ಹಾಕಿಕೊಳ್ಳಬಹುದಾ?

ಬಸುರಿನಲ್ಲಿ ಇದು ಜಾಸ್ತಿ, ಮಗುವಿಗೆ ಸಾಮಾನ್ಯವಾಗಿ ಅಪಾಯ ಇಲ್ಲ. ಕ್ಲೋಟ್ರಿಮಜೋಲ್ ಕ್ರೀಮ್ ಅಥವಾ ಒಳ ಮಾತ್ರೆಯನ್ನು ಡಾಕ್ಟರ್ ಏಳು ರಾತ್ರಿಗೆ ಬರೆಯುತ್ತಾರೆ. ಒಂದು ರಾತ್ರಿಯದು ಸಾಲದು. ಕೊಳವೆಯನ್ನು ಒತ್ತಿ ತೂರಿಸಬೇಡಿ. ಮಾತ್ರೆಯನ್ನು ಬೆರಳಿನಿಂದ ಇಡುವುದು ಮೇಲು.

ಫ್ಲೂಕೊನಜೋಲ್ 150 ಅನ್ನುವ ನುಂಗುವ ಮಾತ್ರೆ ಮಾತ್ರ ಬೇಡವೇ ಬೇಡ. ಹೋದ ವರ್ಷ ಉಳಿದದ್ದು ಅಂತಲೂ, ಅಕ್ಕ ಕೊಟ್ಟಳು ಅಂತಲೂ ನುಂಗಬೇಡಿ. ಮುಟ್ಟು ತಪ್ಪಿದ ಅನುಮಾನ ಇದ್ದರೂ ಮೊದಲು ಪರೀಕ್ಷೆ ಮಾಡಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತಗೊಂಡು ಹೋದಾಗ ಇದನ್ನೂ ಹೇಳಿ. ನವೆ ಜೋರಾಗಿದ್ದರೆ 9ರವರೆಗೆ ಕಾಯಬೇಡಿ.

ನನ್ನ ಮಗಳಿಗೆ ಮದುವೆ ಆಗಿಲ್ಲ. ಒಳಗೆ ಹಾಕುವುದು ಹೇಗೆ?

ಮದುವೆಯಾಗದ ಹುಡುಗಿಯರಿಗೂ ಇದು ಬರುತ್ತದೆ. ಒಳಗೆ ಹಾಕಲು ಆಗದಿದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ನುಂಗುವ ಫ್ಲೂಕೊನಜೋಲ್ ಒಂದು ಮಾತ್ರೆ, ಜೊತೆಗೆ ಹೊರಗೆ ಕ್ರೀಮ್ ಅಂತ ಬರೆಯುತ್ತಾರೆ. ಹುಡುಗಿಗೆ ಮಾತಾಡಲು ಬಿಡಿ, ಅವಳ ಪರವಾಗಿ ಎಲ್ಲವನ್ನೂ ನೀವೇ ಹೇಳಬೇಡಿ.

ಐದು ವರ್ಷದ ಮಗು ಕೆರೆದುಕೊಳ್ಳುತ್ತಿದೆ. ಇದೇ ಕ್ರೀಮ್ ಹಚ್ಚಲಾ?

ಬೇಡ. ಆ ವಯಸ್ಸಿಗೆ ಈ ಫಂಗಸ್ ಅಪರೂಪ. ಜಂತುಹುಳ, ಸೋಪಿನ ಉರಿ, ಒದ್ದೆ ಚಡ್ಡಿ, ಬೇರೆ ಏನಾದರೂ ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ.

ಶುಗರ್ ಇದೆ. ಬಿಟ್ಟರೂ ಬಿಡದೆ ಬರುತ್ತಿದೆ.

ಮೊದಲು ಶುಗರ್ ಎಷ್ಟಿದೆ ನೋಡಿಸಿ. ರಕ್ತದಲ್ಲಿ ಸಕ್ಕರೆ ಏರಿದರೆ ಮೂತ್ರದಲ್ಲೂ ಸೇರಿಕೊಂಡು ಬರುತ್ತದೆ. ಅದು ಫಂಗಸ್ಸಿಗೆ ಊಟ ಬಡಿಸಿದ ಹಾಗೆ. ಎಷ್ಟೋ ಹೆಂಗಸರಿಗೆ ಶುಗರ್ ಇರುವುದು ಗೊತ್ತಾಗಿದ್ದೇ ಈ ನವೆಯಿಂದ.

ಈಗ ಇನ್ನೊಂದು ಕಾರಣ ಸೇರಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಗೆ ಹಾಕುತ್ತವೆ. ಒಳ್ಳೆಯ ಔಷಧಿಗಳು, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು. ಆದರೆ ಹೆಂಗಸರಿಗೆ ಈ ಫಂಗಸ್ ಬರುವುದು ಇವುಗಳಿಂದ ಹೆಚ್ಚಾಗುತ್ತದೆ. ಮೊನ್ನೆ ಒಬ್ಬ ಅಮ್ಮ ಮೂರನೇ ಸಲ ಕ್ರೀಮಿಗೆ ಬಂದರು. ಚೀಲದಲ್ಲಿರುವ ಎಲ್ಲಾ ಮಾತ್ರೆ ತೆಗೆಸಿದೆ, ಅದರಲ್ಲಿ ಇದಿತ್ತು. ನಾಲ್ಕು ತಿಂಗಳಿಂದ ನವೆ, ನಾಲ್ಕು ತಿಂಗಳಿಂದ ಆ ಮಾತ್ರೆ. ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ "ಇದು ಶುರುವಾದಾಗಿನಿಂದ ನವೆ" ಅಂತ ಹೇಳಿ, ಉಳಿದದ್ದು ಅವರು ನೋಡುತ್ತಾರೆ.

ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರೂ ಮೊದಲೇ ಹೇಳಬೇಕು. ಮೈಕೊನಜೋಲ್, ಫ್ಲೂಕೊನಜೋಲ್ ಅದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಇದೆ.

ಮೊಸರು, ಬೇವಿನ ನೀರು, ಅರಿಶಿನ, ಡೆಟಾಲ್?

ಯಾವುದನ್ನೂ ಒಳಗೆ ಹಾಕಬೇಡಿ. ಬೆಳ್ಳುಳ್ಳಿ ಎಸಳು ಇಟ್ಟು ಸುಟ್ಟ ಗಾಯದ ಹಾಗೆ ಮಾಡಿಕೊಂಡವರು ಬಂದಿದ್ದರು. ಡೆಟಾಲ್ ನೀರು, ಸುವಾಸನೆಯ ವಾಶ್‌ಗಳು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೆಡಿಸುತ್ತವೆ. ಬರೀ ನೀರಿನಲ್ಲಿ ಹೊರಗೆ ತೊಳೆದು, ಒತ್ತಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಹೊರಗೆ ಹಚ್ಚಿದರೆ ಉರಿ ಸ್ವಲ್ಪ ತಣ್ಣಗಾಗಬಹುದು, ಫಂಗಸ್ ಹೋಗುವುದಿಲ್ಲ. ಎಣ್ಣೆಯೂ ಕಾಂಡೋಮನ್ನು ಹಾಳು ಮಾಡುತ್ತದೆ.

ಒಳಬಟ್ಟೆ ಹತ್ತಿಯದಿರಲಿ, ಸಡಿಲ ಇರಲಿ. ನಮ್ಮ ಕಡೆ ಒಳಬಟ್ಟೆಯನ್ನು ಸೀರೆಯ ಕೆಳಗೆ ಬಚ್ಚಿಟ್ಟು ಒಣಗಿಸುತ್ತಾರೆ. ಅದು ಒಣಗುವುದೇ ಇಲ್ಲ, ಬೆಳಿಗ್ಗೆ ಹಸಿಯದನ್ನೇ ಹಾಕಿಕೊಂಡು ಕೆಲಸಕ್ಕೆ ಓಡುತ್ತಾರೆ. ದಯವಿಟ್ಟು ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ.

ಹುದುಗಿದ ಇಡ್ಲಿ, ದೋಸೆ ಬಿಡಬೇಕಾ?

ಬೇಡ, ತಿನ್ನಿ. ಹುಳಿ ಹಿಟ್ಟಿನಿಂದ ಇದು ಬರುವುದಿಲ್ಲ. ಎಳನೀರು, ಸಬ್ಬಕ್ಕಿ ಗಂಜಿ ಇಷ್ಟವಾದರೆ ಕುಡಿಯಿರಿ, ಆದರೆ ಅದನ್ನೇ ಔಷಧಿ ಅಂದುಕೊಂಡು ತಿಂಗಳು ಕಳೆಯಬೇಡಿ. ಶುಗರ್ ಇದ್ದರೆ ಎರಡನ್ನೂ ಅಳತೆಯಲ್ಲಿ.

ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತದೆ. ಪ್ರತಿ ಸಲ ಕ್ರೀಮ್ ತಗೊಳ್ಳುತ್ತಿರಲಾ?

ಇಲ್ಲ. ಅಷ್ಟು ಸಲ ಬಂದರೆ ಹತ್ತಿ ಕಡ್ಡಿಯಲ್ಲಿ ಸ್ರಾವ ತೆಗೆದು ಪರೀಕ್ಷೆಗೆ ಕಳಿಸಬೇಕು. ಕ್ಯಾಂಡಿಡಾದಲ್ಲೇ ಗ್ಲಾಬ್ರಾಟಾ ಅನ್ನುವ ಬಗೆ ಇದೆ, ಅದು ಮಾಮೂಲಿ ಔಷಧಿಗೆ ಜಗ್ಗುವುದಿಲ್ಲ. ಶುಗರ್ ಪರೀಕ್ಷೆಯೂ ಆಗಬೇಕು. ಫಂಗಸ್ ಅಂತ ಖಚಿತವಾದರೆ ವಾರಕ್ಕೊಂದು ಮಾತ್ರೆಯ ಹಾಗೆ ಆರು ತಿಂಗಳ ಚಿಕಿತ್ಸೆ ಕೊಡುತ್ತಾರೆ. ಮುಟ್ಟು ನಿಂತ ಮೇಲೆ ಬಿಡದ ನವೆ, ಹೊರ ಚರ್ಮದಲ್ಲಿ ಬಿಳಿ ಮಚ್ಚೆ ಇದ್ದರೆ ಅದು ಫಂಗಸ್ ಅಲ್ಲದ ಚರ್ಮದ ಕಾಯಿಲೆ ಇರಬಹುದು. ಕಣ್ಣಿನಿಂದ ನೋಡದೆ ಯಾರೂ ಹೇಳಲಾಗದು.

ಲೇಡಿ ಡಾಕ್ಟರ್ ಎಲ್ಲಿ? ದುಡ್ಡೂ ಇಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಇರುವ ದಿನ ಕೇಳಿಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ತೊಂದರೆಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ. ಸಲಹೆ, ಔಷಧಿ ಎರಡೂ ಉಚಿತ, ವಿಷಯ ಗುಟ್ಟಾಗಿರುತ್ತದೆ. ದಾರಿ ಗೊತ್ತಾಗದಿದ್ದರೆ ಆಶಾ ಅಕ್ಕನ ಕಿವಿಯಲ್ಲಿ ಹೇಳಿ, ಜೊತೆಗೆ ಬರುತ್ತಾರೆ. ಡಾಕ್ಟರ್ ಬರೆದ ಔಷಧಿ ಜನೌಷಧಿ ಕೇಂದ್ರದಲ್ಲಿ ಇದ್ದರೆ ಕಡಿಮೆ ಬೆಲೆಗೆ ಸಿಗುತ್ತದೆ. ಹೆಸರು ಕ್ಲೋಟ್ರಿಮಜೋಲ್ ಅಂತಲೇ ಕೇಳಿ.

ಉಳಿದ ಟ್ಯೂಬ್ ಇಟ್ಟುಕೊಳ್ಳಬಹುದಾ?

ಹೊರಗಿನ ಕ್ರೀಮ್ ಆದರೆ, ಮುಚ್ಚಳ ಬಿಗಿಯಾಗಿ ಹಾಕಿ, ಎಕ್ಸ್‌ಪೈರಿ ತಾರೀಕಿನೊಳಗೆ ನೀವೊಬ್ಬರೇ ಬಳಸಬಹುದು. ಏಪ್ರಿಲ್‌ನಲ್ಲಿ ಶೀಟಿನ ಮನೆಯ ಅಟ್ಟದ ಮೇಲೆ ಇಡಬೇಡಿ, ಕಾದುಹೋಗುತ್ತದೆ. ನೆಲದ ಹತ್ತಿರ ತಣ್ಣಗಿನ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ಟ್ಯೂಬನ್ನು ಮೇಲಿನಿಂದ ಅಲ್ಲ, ಬುಡದಿಂದ ಸುತ್ತುತ್ತಾ ಬನ್ನಿ, ಔಷಧಿಯ ಹೆಸರು ಕೊನೆಯವರೆಗೂ ಓದಲು ಸಿಗಲಿ. ಮುಂದಿನ ಸಲ ಅಂಗಡಿಗೆ ಬಂದಾಗ ಆ ಹೆಸರನ್ನೇ ಓದಿ ಹೇಳಿ, ನಾನು ಕೊಡುತ್ತೇನೆ.